ಮಕ್ಕಳ ಮನೆಗೆ ಹೊರಟವರ ಪೆಟ್ಟಿಗೆಯಲ್ಲಿ ಮಿಕ್ಸಿ

ಮಗನೋ ಮಗಳೋ ಹೊರದೇಶದಲ್ಲಿರುವ ಮನೆ ಒಂದಾದರೂ ಇಲ್ಲದ ಬೀದಿ ಈಗ ಹಾಸನದಲ್ಲಿ ಅಪರೂಪ. ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಡುವ ಹಿರಿಯರು ಚಟ್ನಿಪುಡಿ, ಕಾಫಿಪುಡಿಗಳ ಜೊತೆಗೆ ಮಿಕ್ಸಿಯನ್ನೂ ಪೆಟ್ಟಿಗೆಗೆ ತುಂಬುವುದುಂಟು. ನಮ್ಮ ಪಕ್ಕದ ಮನೆಯವರು ನ್ಯೂಜೆರ್ಸಿಗೆ ಹೊರಟಾಗ ಆ ಮನೆಯ ಅಮ್ಮ, "ಅಡಾಪ್ಟರ್ ತಂದಿದೀವಲ್ಲ, ಇನ್ನೇನು ತೊಂದರೆ?" ಎಂದು ಕೇಳಿದರು. ಇದೇ ಪ್ರಶ್ನೆ ಬಹಳ ಮಂದಿಯ ಮನಸ್ಸಿನಲ್ಲಿ ಇರುವುದರಿಂದ ಉತ್ತರವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಸಾಮಾನ್ಯ ಟ್ರಾವೆಲ್ ಅಡಾಪ್ಟರ್ ಪಿನ್ನಿನ ಆಕಾರವನ್ನು ಅಲ್ಲಿನ ಸಾಕೆಟ್ಟಿಗೆ ಹೊಂದಿಸುತ್ತದೆಯೇ ಹೊರತು ವೋಲ್ಟೇಜನ್ನು ಬದಲಿಸುವುದಿಲ್ಲ. ನಮ್ಮಲ್ಲಿ ಮನೆಗೆ ಬರುವ ವಿದ್ಯುತ್ತು 230 ವೋಲ್ಟ್, 50 ಹರ್ಟ್ಸ್. ಅಮೆರಿಕದಲ್ಲಿ 120 ವೋಲ್ಟ್, 60 ಹರ್ಟ್ಸ್. ಜಪಾನಿನಲ್ಲಿ ಕೇವಲ 100 ವೋಲ್ಟ್. ಪಕ್ಕದ ಮನೆಯವರ ಮಿಕ್ಸಿಯನ್ನು ಮಗುಚಿ ನೋಡಿದೆವು. ತಳದ ಚೀಟಿಯಲ್ಲಿ 230 ವೋಲ್ಟ್, 50 ಹರ್ಟ್ಸ್, 750 ವ್ಯಾಟ್ ಎಂದಷ್ಟೇ ಇತ್ತು. ಅವರದೇ ಮೊಬೈಲ್ ಚಾರ್ಜರಿನ ಮೇಲೆ, ಕನ್ನಡಕ ಹಾಕಿಕೊಂಡರೂ ಕಷ್ಟಪಟ್ಟು ಓದಬೇಕಾದ ಅಕ್ಷರಗಳಲ್ಲಿ, ಇನ್‌ಪುಟ್ 100–240 ವೋಲ್ಟ್, 50/60 ಹರ್ಟ್ಸ್ ಎಂದಿತ್ತು. ಎರಡನೆಯ ಬಗೆಯ ಚೀಟಿ ಇರುವ ವಸ್ತುವಿಗೆ ಅಡಾಪ್ಟರ್ ಸಾಕು, ಮೊದಲನೆಯದಕ್ಕೆ ಸಾಲದು.

ನಮ್ಮ ಮಿಕ್ಸಿ 120 ವೋಲ್ಟಿನಲ್ಲಿ ಸೊರಗಿದಂತೆ ತಿರುಗುತ್ತದೆ. ಗಟ್ಟಿ ಹಿಟ್ಟು ಹಾಕಿದರೆ ಮೋಟಾರು ಸಿಕ್ಕಿಕೊಂಡು ಬಿಸಿಯಾಗುತ್ತದೆ. ನೀರು ಕಾಯಿಸುವ ಕೆಟಲ್ಲಿಗೆ ಕಾಲುಭಾಗದಷ್ಟೇ ಶಕ್ತಿ ಸಿಗುತ್ತದೆ. ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಸಿಗುತ್ತದಾದರೂ 750 ವ್ಯಾಟಿನ ಮೋಟಾರಿಗೆ ತಕ್ಕದ್ದು ಬಹಳ ಭಾರ. ಅಲ್ಲಿನ ವೋಲ್ಟೇಜಿಗೆಂದೇ ಮಾಡಿದ ಮಿಕ್ಸಿಯನ್ನು ಅಲ್ಲೇ ಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಅಲ್ಲಿಂದ ಇಲ್ಲಿಗೆ ತರುವ ವಸ್ತುಗಳ ವಿಷಯದಲ್ಲಿ ಅಪಾಯ ಇನ್ನೂ ದೊಡ್ಡದು. 120 ವೋಲ್ಟಿಗೆಂದೇ ಮಾಡಿದ ಇಸ್ತ್ರಿ ಪೆಟ್ಟಿಗೆಯನ್ನೋ ಕೂದಲು ಒಣಗಿಸುವ ಯಂತ್ರವನ್ನೋ ನಮ್ಮ 230 ವೋಲ್ಟಿನ ಸಾಕೆಟ್ಟಿಗೆ ಹಾಕಿದರೆ, ಅದು ಎಳೆಯುವ ಶಕ್ತಿ ಮೂರೂವರೆ ಪಟ್ಟಿಗಿಂತ ಹೆಚ್ಚಾಗಿ, ಸುರುಳಿ ಕೆಲವೇ ಕ್ಷಣಗಳಲ್ಲಿ ಸುಟ್ಟುಹೋಗಬಹುದು, ಬೆಂಕಿಯೂ ಹೊತ್ತಬಹುದು.

ಬ್ರಿಟನ್, ದುಬೈ, ಸಿಂಗಪುರಗಳಲ್ಲಿ ವೋಲ್ಟೇಜು ನಮ್ಮದರಂತೆಯೇ ಇರುವುದರಿಂದ ಆಕಾರದ ತೊಡಕು ಮಾತ್ರ. ಅಲ್ಲಿನ ಚಪ್ಪಟೆ ಮೂರು ಪಿನ್ನಿನ ಸಾಕೆಟ್ಟುಗಳಲ್ಲಿ, ಮಕ್ಕಳು ಕೈಹಾಕಿದರೂ ಅಪಾಯವಾಗದಿರಲೆಂದು, ಒಳಗೆ ಮುಚ್ಚಳಗಳಿರುತ್ತವೆ. ಅರ್ಥ್ ಪಿನ್ನು ಒಳಹೋದಾಗ ಅವು ತೆರೆಯುತ್ತವೆ. ನಮ್ಮಲ್ಲಿ ಮಾಡುವಂತೆ ಸ್ಕ್ರೂಡ್ರೈವರೋ ಪೆನ್ನೋ ತೂರಿಸಿ ಎರಡು ಪಿನ್ನಿನ ಪ್ಲಗ್ಗನ್ನು ಒತ್ತಿ ಕೂರಿಸುವುದನ್ನು ದಯವಿಟ್ಟು ಅಲ್ಲಿ ಮಾಡಬೇಡಿ. ಮೂರು ಪಿನ್ನಿನ ವಸ್ತುವಿಗೆ ಅರ್ಥ್ ಇಲ್ಲದ ಅಡಾಪ್ಟರ್ ಹಾಕುವುದೂ ಅಷ್ಟೇ ತಪ್ಪು, ಅದರಲ್ಲೂ ಲೋಹದ ಮೈಯಿರುವ ಇಸ್ತ್ರಿ ಪೆಟ್ಟಿಗೆಯಂಥವುಗಳಿಗೆ.

ಪವರ್ ಬ್ಯಾಂಕನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. ಸಾಮಾನ್ಯವಾಗಿ 100 ವ್ಯಾಟ್-ಅವರ್ (ಬ್ಯಾಟರಿ ಹಿಡಿದಿಡುವ ಶಕ್ತಿಯ ಅಳತೆ) ವರೆಗಿನದಕ್ಕೆ ವಿಶೇಷ ಅನುಮತಿ ಬೇಕಾಗುವುದಿಲ್ಲ. 20,000 ಎಂಎಎಚ್‌ನ ಪವರ್ ಬ್ಯಾಂಕ್ ಸುಮಾರು 74 ವ್ಯಾಟ್-ಅವರ್ ಆಗುತ್ತದೆ. 2025ರ ಜನವರಿಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಹೊರಡಲಿದ್ದ ಏರ್ ಬುಸಾನ್ ವಿಮಾನ ಹೊತ್ತಿ ಉರಿದದ್ದಕ್ಕೆ ಪವರ್ ಬ್ಯಾಂಕ್ ಕಾರಣವಾಗಿರಬಹುದೆಂದು ಅಲ್ಲಿನ ಸರ್ಕಾರ ಹೇಳಿತು; ಅದನ್ನು ತಲೆಯ ಮೇಲಿನ ಲಗೇಜ್ ಗೂಡಿನಲ್ಲಿ ಇಡಬಾರದೆಂಬ ನಿಯಮವೂ ಅಲ್ಲಿ ಬಂತು. ಆಸನದ ಬಳಿ, ಕಣ್ಣಳತೆಯಲ್ಲಿದ್ದರೆ ಬಿಸಿಯಾದದ್ದೋ ಉಬ್ಬಿದ್ದೋ ಬೇಗ ತಿಳಿಯುತ್ತದೆ. ಆಗಲೇ ಉಬ್ಬಿರುವ ಬ್ಯಾಟರಿಯನ್ನು ಮನೆಯಿಂದ ಹೊರಡಿಸಲೇಬಾರದು.

ನಿದ್ದೆಯಲ್ಲಿ ಉಸಿರಾಟಕ್ಕೆ ಬಳಸುವ ಯಂತ್ರ, ನೆಬ್ಯುಲೈಸರ್‌ಗಳಂಥ ವೈದ್ಯಕೀಯ ಸಾಧನಗಳಿದ್ದವರು ಚೀಟಿಯನ್ನು ಹೊರಡುವ ಮುಂಚೆಯೇ ಓದಿಸಿಕೊಳ್ಳಬೇಕು. 230 ವೋಲ್ಟ್ ಎಂದಷ್ಟೇ ಇದ್ದರೆ, ತಲುಪಿದ ಮೊದಲ ರಾತ್ರಿಗೇ ಬೇಕಾಗುವ ಬದಲಿ ಸಾಧನವನ್ನು ಸಿದ್ಧವಾಗಿಡುವಂತೆ ಮಕ್ಕಳಿಗೆ ಫೋನಿನಲ್ಲಿ ತಿಳಿಸಿ.