ಯಾವ ಮಂತ್ರಿ ಉತ್ತರ ಕೊಡಬೇಕು?

ವೆಸ್ಟ್‌ಮಿನ್‌ಸ್ಟರ್ (ಬ್ರಿಟನ್ ಸಂಸತ್ತಿನ) ರಾಜಕೀಯವನ್ನು ವರದಿ ಮಾಡುವ ಪತ್ರಕರ್ತೆಯೊಬ್ಬರು ಈ ವಾರ ನನ್ನನ್ನು ಕೇಳಿದ ಒಂದು ಪ್ರಶ್ನೆ ಇನ್ನೂ ತಲೆಯಿಂದ ಇಳಿದಿಲ್ಲ. ಸಾಲ ಮಾಡಿ ಇಂಗ್ಲೆಂಡಿಗೆ ಬಂದು, ವೃದ್ಧರ ಆರೈಕೆಯ ಕೆಲಸಕ್ಕೆ ಸೇರಿ, ಕೆಲಸ ಕೊಟ್ಟ ಕಂಪನಿಯ ಸ್ಪಾನ್ಸರ್ ಲೈಸೆನ್ಸ್ (ಹೊರದೇಶದವರನ್ನು ಕೆಲಸಕ್ಕೆ ಕರೆಸಿಕೊಳ್ಳಲು ಸರ್ಕಾರ ಕೊಡುವ ಪರವಾನಗಿ) ರದ್ದಾದ ಕಾರಣಕ್ಕೆ ಈಗ ದೇಶವನ್ನೇ ಬಿಡಬೇಕಾದ ಸ್ಥಿತಿಯಲ್ಲಿರುವ ಕುಂದಾಪುರ ಕಡೆಯ ಹೆಣ್ಣುಮಗಳೊಬ್ಬಳ ವಿಷಯವನ್ನು ನಾನು ಹೇಳಿ ಮುಗಿಸಿದ್ದೆ. ಅವರು ನೋಟ್‌ಬುಕ್ಕಿನಿಂದ ತಲೆಯೆತ್ತಿ, "ಇದು ಘೋರ ಅನ್ಯಾಯ. ಆದರೆ ಇದಕ್ಕಾಗಿ ನಾಳೆ ಬೆಳಿಗ್ಗೆ ಯಾವ ಮಂತ್ರಿ ಉತ್ತರ ಕೊಡಬೇಕಾಗುತ್ತದೆ?" ಎಂದು ಕೇಳಿದರು. "ಯಾರೂ ಕೊಡಬೇಕಾಗಿಲ್ಲ. ಸುದ್ದಿ ಅದೇ," ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿಜ. ಆದರೆ ಅದನ್ನು ನಾನು ಹೇಗೆ ಬರೆಯಲಿ, ಹೇಳಿ," ಎಂದರು.

ನಾನು ಬಿಡುವಿನ ದಿನಗಳಲ್ಲಿ ದುಡಿಯುವುದು ಪೂರ್ವ ಲಂಡನ್ನಿನ ಒಂದು ಪುಟ್ಟ ನೆರವು ಸಂಸ್ಥೆಯಲ್ಲಿ. ಅಲ್ಲಿಗೆ ಬರುವವರಲ್ಲಿ ಕೇರಳ, ನೈಜೀರಿಯಾ, ಜಿಂಬಾಬ್ವೆಯವರೇ ಹೆಚ್ಚು. ಕರಾವಳಿ ಕರ್ನಾಟಕದವರು ಆಗೊಬ್ಬರು ಈಗೊಬ್ಬರು ಬಂದಾಗ ಅವರ ಕಡತ ನನ್ನ ಮೇಜಿಗೆ ಬರುತ್ತದೆ. ಫೆಬ್ರವರಿ 2022ರಲ್ಲಿ ಕೇರ್ ವರ್ಕರ್‌ಗಳಿಗೆ ವೀಸಾ ತೆರೆದ ಬ್ರಿಟನ್ ಸರ್ಕಾರ, ಮಾರ್ಚ್ 2024ರಿಂದ ಅವರು ಸಂಗಾತಿ ಮತ್ತು ಮಕ್ಕಳನ್ನು ಕರೆತರುವುದನ್ನು ನಿಲ್ಲಿಸಿತು. ಜುಲೈ 2025ರಲ್ಲಿ ಹೊರದೇಶಗಳಿಂದ ಹೊಸದಾಗಿ ನೇಮಿಸಿಕೊಳ್ಳುವುದನ್ನೇ ಕೊನೆಗೊಳಿಸಿತು. ಈ ನಡುವೆ, ಜುಲೈ 2022ರಿಂದ ಡಿಸೆಂಬರ್ 2024ರ ಒಳಗೆ, ಆರೈಕೆ ಕ್ಷೇತ್ರದ 470ಕ್ಕೂ ಹೆಚ್ಚು ಸ್ಪಾನ್ಸರ್ ಲೈಸೆನ್ಸ್‌ಗಳು ರದ್ದಾದವು. ಆ ಸಂಸ್ಥೆಗಳೊಂದಿಗೆ 39,000ಕ್ಕೂ ಹೆಚ್ಚು ನೌಕರರು ನಂಟು ಹೊಂದಿದ್ದರು ಎಂದು ಸರ್ಕಾರವೇ ಹೇಳಿದೆ. ನೌಕರರನ್ನು ಸುಲಿಗೆ ಮಾಡುವ ಕಂಪನಿಗಳನ್ನು ತಡೆಯುವುದು ಈ ಕ್ರಮದ ಉದ್ದೇಶ, ಮತ್ತು ಅಂಥ ಕಂಪನಿಗಳು ನಿಜಕ್ಕೂ ಇವೆ. ಆದರೆ ಲೈಸೆನ್ಸ್ ಹೋದ ಮೇಲೆ ನೌಕರರ ಕೈಗೆ ಒಂದು ಪತ್ರ ಬರುತ್ತದೆ: ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ಸ್ಪಾನ್ಸರ್ ಹುಡುಕಿಕೊಳ್ಳಬೇಕು, ಇಲ್ಲವಾದರೆ ಹೊರಡಬೇಕು. ತಪ್ಪು ಮಾಡಿದ್ದು ಕಂಪನಿ, ಗಡುವು ಬಿದ್ದದ್ದು ಆ ಕಂಪನಿಯಿಂದ ಮೋಸ ಹೋದವರ ಮೇಲೆ.

ಇದನ್ನು ಸಮಾಜ ವಿಭಾಗದ ವರದಿಗಾರರಿಗೆ ಹೇಳದೆ ರಾಜಕೀಯ ವರದಿಗಾರ್ತಿಗೆ ಏಕೆ ಹೇಳಿದಿರಿ ಎಂದು ನೆರವು ಸಂಸ್ಥೆಯ ಹಿರಿಯರೊಬ್ಬರು ಆಮೇಲೆ ಆಕ್ಷೇಪಿಸಿದರು. ನನ್ನ ಲೆಕ್ಕ ಬೇರೆ ಇತ್ತು. ಇದು ಯಾವುದೋ ಒಂದು ಊರಿನ ದುರದೃಷ್ಟವಲ್ಲ, ಸಂಸತ್ತಿನ ಕಟ್ಟಡದೊಳಗೆ ಕೈಗೊಂಡ ನಿರ್ಧಾರದ ಫಲ. ಹಾಗಾಗಿ ಆ ಕಟ್ಟಡದೊಳಗೇ ಕೆಲಸ ಮಾಡುವವರು ಬರೆಯಬೇಕು. ಲಾಬಿ ಪತ್ರಕರ್ತರು ಎಂದು ಕರೆಸಿಕೊಳ್ಳುವ ಈ ಗುಂಪಿಗೆ 1884ರಷ್ಟು ಹಳೆಯ ಇತಿಹಾಸವಿದೆ. ಅವರಿಗೆ ಸಂಸತ್ತಿನೊಳಗೆ ಓಡಾಡಲು ಪಾಸ್ ಇದೆ, ಕುಳಿತು ಬರೆಯಲು ಕೊಠಡಿಗಳಿವೆ, ಪ್ರಧಾನಿಯ ವಕ್ತಾರರು ಅವರಿಗಾಗಿಯೇ ನಡೆಸುವ ಬ್ರೀಫಿಂಗ್ ಇದೆ. ಫೆಬ್ರವರಿ 2020ರಲ್ಲಿ ಡೌನಿಂಗ್ ಸ್ಟ್ರೀಟ್‌ನ (ಪ್ರಧಾನಿ ಕಚೇರಿಯ) ಅಧಿಕಾರಿಗಳು ತಮಗೆ ಬೇಕಾದ ಕೆಲವರನ್ನು ಮಾತ್ರ ಒಳಗಿರಿಸಿಕೊಂಡು ಉಳಿದವರನ್ನು ಹೊರಗೆ ಕಳುಹಿಸಲು ಹೋದಾಗ, ಒಳಗೆ ಉಳಿಯಬಹುದಾಗಿದ್ದ ಹಿರಿಯ ಪತ್ರಕರ್ತರೂ ಎದ್ದು ಹೊರಟುಬಂದದ್ದನ್ನು ನಾನು ಮರೆತಿಲ್ಲ. ಇವರೆಲ್ಲ ಅಧಿಕಾರಸ್ಥರ ಸ್ನೇಹಿತರು ಎಂದು ಸಾರಾಸಗಟಾಗಿ ಹೇಳುವವರ ಮಾತನ್ನು ನಾನು ಒಪ್ಪದಿರುವುದಕ್ಕೆ ಅದೂ ಒಂದು ಕಾರಣ.

ಇವರಿಗೆ ಪಿಚ್ ಮಾಡುವುದಕ್ಕೆ, ಅಂದರೆ ಇದನ್ನು ಬರೆಯಿರಿ ಎಂದು ವಿಷಯವನ್ನು ಮುಂದಿಡುವುದಕ್ಕೆ, ಕೆಲವು ರೀತಿನೀತಿಗಳಿವೆ, ಅವುಗಳನ್ನು ಕಲಿಯಲು ನನಗೆ ಬಹಳ ಕಾಲ ಹಿಡಿಯಿತು. ಬುಧವಾರ ಮಧ್ಯಾಹ್ನ 12ಕ್ಕೆ ಪ್ರಧಾನಿಯ ಪ್ರಶ್ನೋತ್ತರವಿರುವುದರಿಂದ ಆ ದಿನ ಬೆಳಿಗ್ಗೆ ಯಾರಿಗೂ ಫೋನ್ ಮಾಡಬಾರದು. ಭಾನುವಾರದ ಪತ್ರಿಕೆಯವರಿಗೆ ಶನಿವಾರ ಹೇಳಿದರೆ ಹೇಳಿಯೂ ಪ್ರಯೋಜನವಿಲ್ಲ, ವಾರದ ನಡುವೆಯೇ ಹೇಳಬೇಕು. ಇಮೇಲಿನ ಮೊದಲ ಎರಡು ಸಾಲುಗಳಲ್ಲಿ ಹೊಸದೇನು ಎಂಬುದು ಬರಬೇಕು. ಸಂಸ್ಥೆಯ ಧ್ಯೇಯೋದ್ದೇಶಗಳನ್ನು ಯಾರೂ ಓದುವುದಿಲ್ಲ. ಒಬ್ಬರಿಗೆ ಮಾತ್ರ ಕೊಡುತ್ತಿದ್ದೇನೆ ಎಂದು ಹೇಳಿದ ಮೇಲೆ ಇನ್ನೊಬ್ಬರಿಗೆ ಕೊಡಬಾರದು. ಈ ವರದಿಗಾರ್ತಿ ಅದೇ ದಿನ ಉತ್ತರಿಸಿದರು, ಪೋರ್ಟ್‌ಕಲಿಸ್ ಹೌಸ್‌ಗೆ (ಸಂಸದರ ಕಚೇರಿಗಳಿರುವ ಕಟ್ಟಡಕ್ಕೆ) ಬನ್ನಿ ಎಂದರು, ಬಾಗಿಲಿನವರೆಗೆ ಬಂದು ತಾವೇ ಕರೆದೊಯ್ದರು. ನಾನು ಮಾತನಾಡುತ್ತಿದ್ದಷ್ಟು ಹೊತ್ತೂ ಫೋನನ್ನು ಮುಟ್ಟಲಿಲ್ಲ. ಒಬ್ಬ ಸಂಸದರ ಕಚೇರಿಯಲ್ಲಿ ಇದೇ ಕಡತವನ್ನು ಒಪ್ಪಿಸಲು ಹೋದಾಗ ಅಲ್ಲಿನ ತರುಣ ಸಹಾಯಕ ಗೋಡೆ ಗಡಿಯಾರ ನೋಡುತ್ತ ತಲೆಯಾಡಿಸಿದ್ದನ್ನು ಕಂಡವಳಿಗೆ ಈ ಸೌಜನ್ಯದ ಬೆಲೆ ಗೊತ್ತು.

ಅವರು ಆ ಪ್ರಶ್ನೆ ಕೇಳಿ, ನಾನು ಉತ್ತರಿಸಿ, ಅವರು ಮರುಪ್ರಶ್ನೆ ಹಾಕಿದ ಹೊತ್ತಿಗೇ ಮತದಾನದ ಗಂಟೆ ಬಾರಿಸಿತು. ಕಾಮನ್ಸ್‌ನಲ್ಲಿ (ಸಂಸತ್ತಿನ ಕೆಳಮನೆಯಲ್ಲಿ) ಗಂಟೆ ಬಾರಿಸಿದ 8 ನಿಮಿಷಗಳೊಳಗೆ ಸಂಸದರು ಮತದ ಲಾಬಿಯನ್ನು (ಮತ ಹಾಕುವ ಹಜಾರವನ್ನು) ಸೇರಿರಬೇಕು. ಗಾಜಿನ ಚಾವಣಿಯ ಆ ವಿಶಾಲ ಅಂಗಳದಲ್ಲಿ ಕಾಫಿ ಕುಡಿಯುತ್ತಿದ್ದವರೆಲ್ಲ ಕಪ್ಪುಗಳನ್ನು ಅಲ್ಲೇ ಬಿಟ್ಟು ಒಂದೇ ದಿಕ್ಕಿಗೆ ನಡೆದರು. ವರದಿಗಾರ್ತಿಯ ಕಣ್ಣು ಅವರ ಹಿಂದೆ ಹೋಯಿತು. ಯಾರು ಯಾರ ಜೊತೆ ನಡೆಯುತ್ತಿದ್ದಾರೆ, ಯಾರು ಒಂಟಿಯಾಗಿದ್ದಾರೆ ಎಂಬುದನ್ನು ಅವರು ಓದುತ್ತಿದ್ದರು. ಅದು ಅವರ ವೃತ್ತಿ. 650 ಜನರ ನಡೆನುಡಿಯನ್ನು ಇಷ್ಟು ಸೂಕ್ಷ್ಮವಾಗಿ ಓದಬಲ್ಲ ಕಣ್ಣು, ಆ 650 ಜನರು ಮಾಡಿದ ಕಾನೂನು ಯಾರ ಮನೆಯ ಬಾಗಿಲಿಗೆ ಹೋಗಿ ನಿಂತಿತು ಎಂಬುದನ್ನು ನೋಡುವುದಕ್ಕೆ ಪ್ರತ್ಯೇಕ ಕಾರಣವೊಂದನ್ನು ಏಕೆ ಕೇಳುತ್ತದೆ ಎಂದು ನನಗೆ ಆಗ ಸಂಕಟವಾಯಿತು.

ಮನೆಗೆ ಬರುವಾಗ ರೈಲಿನಲ್ಲಿ ಆ ಪ್ರಶ್ನೆ ಕಟುವಾಗಿ ಕೇಳಿಸಿತು. ಮಂತ್ರಿಗೆ ತೊಂದರೆಯಾದರೆ ಸುದ್ದಿ, ಮನುಷ್ಯರಿಗೆ ತೊಂದರೆಯಾದರೆ ಅಲ್ಲ ಎಂದಂತೆ. ಮರುದಿನ ನೆನೆದಾಗ ಅದು ಕೆಲಸದ ಪ್ರಶ್ನೆಯಾಗಿ ಕಂಡಿತು: ಸಂಪಾದಕರು ತಮ್ಮನ್ನು ಏನು ಕೇಳುತ್ತಾರೋ ಅದನ್ನೇ ಅವರು ನನ್ನನ್ನು ಮೊದಲೇ ಕೇಳಿ ನನಗೆ ನೆರವಾಗಿದ್ದರು. ಈಗ ನನಗೆ ಹೆಚ್ಚಾಗಿ ಕೇಳಿಸುವುದು ಕೊನೆಯ ಮಾತು. "ಹೇಗೆ ಬರೆಯಲಿ, ಹೇಳಿ" ಎನ್ನುವಾಗ ಅವರು ನನ್ನನ್ನು ಸಾಗಹಾಕುತ್ತಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

ಪೌಲೆಟ್ ವಿಲ್ಸನ್ ಅವರ ಪ್ರಕರಣ ನನಗೆ ಪದೇಪದೇ ನೆನಪಾಗುವುದು ಇದಕ್ಕಾಗಿ. 1968ರಲ್ಲಿ, ಹತ್ತು ವರ್ಷದ ಹುಡುಗಿಯಾಗಿ ಜಮೈಕಾದಿಂದ ಬಂದ ಅವರು ಹೆಚ್ಚುಕಡಿಮೆ ಅರ್ಧ ಶತಮಾನ ಬ್ರಿಟನ್ನಿನಲ್ಲಿ ಬದುಕಿದರು. ಒಂದು ಕಾಲದಲ್ಲಿ ಹೌಸ್ ಆಫ್ ಕಾಮನ್ಸ್‌ನ ಅಡುಗೆಮನೆಯಲ್ಲಿಯೇ ದುಡಿದು ಸಂಸದರಿಗೆ ಊಟ ಸಿದ್ಧಪಡಿಸಿದ್ದರು. ಅಂಥವರನ್ನು ಅಕ್ರಮ ವಲಸಿಗರೆಂದು 2017ರಲ್ಲಿ ಬಂಧನ ಕೇಂದ್ರಕ್ಕೆ ಕಳುಹಿಸಲಾಯಿತು. ಗಾರ್ಡಿಯನ್ ಪತ್ರಿಕೆಯ ಅಮೀಲಿಯಾ ಜೆಂಟಲ್‌ಮನ್ ಅದೇ ನವೆಂಬರಿನಲ್ಲಿ ಅದನ್ನು ಬರೆದರು, ಆಮೇಲೆ ಅಂಥವೇ ಇನ್ನಷ್ಟು ಪ್ರಕರಣಗಳನ್ನು ಬರೆದರು. ತಿಂಗಳುಗಳು ಕಳೆದವು, ವೆಸ್ಟ್‌ಮಿನ್‌ಸ್ಟರ್ ಅಲುಗಲಿಲ್ಲ. ಏಪ್ರಿಲ್ 2018ರಲ್ಲಿ ಕಾಮನ್‌ವೆಲ್ತ್ ನಾಯಕರ ಸಭೆ ಲಂಡನ್ನಿನಲ್ಲಿ ಕೂಡಿತು. ಈ ವಿಷಯ ಮಾತನಾಡಬೇಕೆಂದು ಕೆರಿಬಿಯನ್ ನಾಯಕರು ಕೇಳಿದ ಭೇಟಿಗೆ ಡೌನಿಂಗ್ ಸ್ಟ್ರೀಟ್ ಮೊದಲು ಒಪ್ಪಲಿಲ್ಲ. ಆಗ ಅದು ರಾಜಕೀಯ ಸುದ್ದಿಯಾಯಿತು, ಒಂದೆರಡು ದಿನಗಳಲ್ಲಿ ಗೃಹ ಸಚಿವೆಯೂ ಪ್ರಧಾನಿಯೂ ಕ್ಷಮೆ ಕೇಳಿದರು, ತಿಂಗಳ ಕೊನೆಗೆ ಗೃಹ ಸಚಿವೆ ಆಂಬರ್ ರಡ್ ರಾಜೀನಾಮೆ ಕೊಟ್ಟರು. ರಾಜೀನಾಮೆಯ ಕಾರಣವನ್ನು ಗಮನಿಸಬೇಕು: ಗಡೀಪಾರಿನ ಗುರಿಸಂಖ್ಯೆಗಳ ಬಗ್ಗೆ ಸಂಸದೀಯ ಸಮಿತಿಗೆ ಅವರು ಕೊಟ್ಟ ಹೇಳಿಕೆ ದಾರಿ ತಪ್ಪಿಸುವಂತಿತ್ತು. ಪೌಲೆಟ್ ಅವರಿಗೆ ಆದದ್ದಕ್ಕೆ ಅಲ್ಲ, ಸಮಿತಿಗೆ ಹೇಳಿದ್ದಕ್ಕೆ.

ಹೊರೈಜನ್ ಎಂಬ ಲೆಕ್ಕದ ಸಾಫ್ಟ್‌ವೇರಿನ ದೋಷದಿಂದ ಅಂಚೆ ಕಚೇರಿ ನಡೆಸುತ್ತಿದ್ದವರು ಕಳ್ಳತನದ ಆರೋಪ ಹೊತ್ತು ಶಿಕ್ಷೆಗೊಳಗಾದ ಹಗರಣದಲ್ಲಿಯೂ ಹೀಗೆಯೇ ಆಯಿತು. ಕಂಪ್ಯೂಟರ್ ವೀಕ್ಲಿ ಎಂಬ ವೃತ್ತಿಪತ್ರಿಕೆ 2009ರಲ್ಲೇ ಬರೆದಿತ್ತು; ಶಿಕ್ಷೆಗೊಳಗಾದವರನ್ನು ಒಟ್ಟಾಗಿ ದೋಷಮುಕ್ತರನ್ನಾಗಿಸುವ ಕಾನೂನು ಬಂದದ್ದು, ಟಿವಿ ಧಾರಾವಾಹಿಯೊಂದನ್ನು ನೋಡಿ ದೇಶವೇ ಕೆರಳಿದ ಮೇಲೆ, 2024ರಲ್ಲಿ.

ಹಾಗಾದರೆ ವರದಿಗಾರ್ತಿಯ ಪ್ರಶ್ನೆ ಅವರೊಬ್ಬರದಲ್ಲ. ಬ್ರಿಟನ್ನಿನ ರಾಜಕೀಯ ವರದಿಗಾರಿಕೆ ಹೊಣೆಗಾರಿಕೆಯನ್ನು ಒಬ್ಬ ಮಂತ್ರಿಯ ಒಂದು ದಿನದ ಇಕ್ಕಟ್ಟಿನಲ್ಲಿ ಕಾಣಲು ಪಳಗಿದೆ. ಆ ಪಳಗಿಕೆಗೆ ಬಲವೂ ಇದೆ. ಅದು ಅಧಿಕಾರಸ್ಥರನ್ನು ಸದಾ ಎಚ್ಚರದಲ್ಲಿ ಇಟ್ಟಿದೆ. ಆದರೆ ಒಂದು ಸರ್ಕಾರ ಆರಂಭಿಸಿ, ಮತ್ತೊಂದು ಮುಂದುವರಿಸಿ, ಹಲವು ಸಚಿವರ ಕೈದಾಟಿ ಬಂದ ನಿಯಮವೊಂದು ನಿಧಾನವಾಗಿ ಜನರನ್ನು ಹಿಂಡುವಾಗ, ಇಕ್ಕಟ್ಟಿಗೆ ಸಿಗುವ ಮಂತ್ರಿಯೇ ಇರುವುದಿಲ್ಲ. ಯಾರೊಬ್ಬರೂ ಸುಳ್ಳು ಹೇಳದೆ, ಯಾವ ಕಡತವೂ ಸೋರದೆ ನಡೆಯುವ ಅನ್ಯಾಯಕ್ಕೆ ಮುಖಪುಟದಲ್ಲಿ ಜಾಗ ಹೇಗೆ ಸಿಗಬೇಕು? ನವೆಂಬರ್ 2025ರಲ್ಲಿ ಗೃಹ ಸಚಿವೆ ಶಬಾನಾ ಮಹಮೂದ್ ಅವರು ಇಂಥ ಕೆಲಸಗಳಿಗೆ ಬಂದವರು ಶಾಶ್ವತ ನೆಲೆಗಾಗಿ 5 ವರ್ಷಗಳ ಬದಲು 15 ವರ್ಷ ಕಾಯಬೇಕೆಂಬ ಪ್ರಸ್ತಾವವನ್ನು ಮಂಡಿಸಿದಾಗ ಪತ್ರಿಕೆಗಳು ತುಂಬಿಹೋದವು. ಆದರೆ ನಾನು ಓದಿದ ಹೆಚ್ಚಿನ ಬರಹಗಳ ಚಿಂತೆ ಲೇಬರ್ ಪಕ್ಷದ ಹಿಂಬೆಂಚಿನವರು (ಮಂತ್ರಿಗಳಲ್ಲದ ಸಂಸದರು) ಎಷ್ಟರ ಮಟ್ಟಿಗೆ ಮುನಿಯುತ್ತಾರೆ ಎಂಬುದಾಗಿತ್ತು.

ಇನ್ನೊಂದು ಕಡೆ ಆ ಹೆಣ್ಣುಮಗಳಿದ್ದಾಳೆ. ವರದಿಗಾರ್ತಿ ಹೆಸರು ಮತ್ತು ಫೋಟೋ ಸಿಗಬಹುದೇ ಎಂದು ವಿನಯದಿಂದಲೇ ಕೇಳಿದ್ದರು. ಅದನ್ನು ತಿಳಿಸಲು ನಾನು ಅಂದು ರಾತ್ರಿ ಫೋನ್ ಮಾಡಿದೆ. "ಅಕ್ಕಾ, ಪೇಪರಿನಲ್ಲಿ ನನ್ನ ಮುಖ ಬಂದರೆ ಆಮೇಲೆ ನನಗೆ ಕೆಲಸ ಕೊಡುವವರು ಯಾರು? ಊರಿನಲ್ಲಿ ಅಮ್ಮನಿಗೆ ಇನ್ನೂ ಹೇಳಿಲ್ಲ," ಎಂದಳು. ಅವಳ ಮಾತು ಸರಿ. ನೊಂದವರು ಮುಖ ತೋರಿಸಿದರೆ ಮಾತ್ರ ನಂಬುತ್ತೇವೆ ಎನ್ನುವ ಓದುಗರು, ಹೆಸರು ಹೇಳಬೇಡಿ ಎಂಬ ಷರತ್ತಿನ ಮೇಲೆ ಮಾತನಾಡುವ ಸಂಪುಟದ ಹಿರಿಯರನ್ನು ದಿನವೂ ನಂಬುತ್ತಾರೆ. ಅಧಿಕಾರವಿರುವವರಿಗೆ ದೊರೆಯುವ ಆ ರಕ್ಷಣೆ ಕೆಲಸವನ್ನೂ ವೀಸಾವನ್ನೂ ಕಳೆದುಕೊಳ್ಳುವ ಭಯದಲ್ಲಿರುವವಳಿಗೆ ಇನ್ನೂ ಸುಲಭವಾಗಿ ದೊರೆಯಬೇಕು. ಇದನ್ನು ವರದಿಗಾರ್ತಿಗೆ ಬರೆದು ತಿಳಿಸಿದೆ. ಹೆಸರಿಲ್ಲದೆಯೂ ಆದೀತು, ದಾಖಲೆಗಳನ್ನು ಮಾತ್ರ ತೋರಿಸಿ ಎಂದು ಅವರು ಒಪ್ಪಿದರು. ಅವಳ ಅನುಮತಿ ಪಡೆದು, ಸಂಬಳದ ಚೀಟಿಗಳನ್ನೂ 60 ದಿನಗಳ ಪತ್ರವನ್ನೂ ಹೆಸರು ಮುಚ್ಚಿ ಕಳುಹಿಸಿದ್ದೇನೆ.

ಮಂತ್ರಿಯ ಪ್ರಶ್ನೆಗೂ ಒಂದು ದಾರಿ ಕಂಡಿದೆ. ಸಂಸದರು ಲಿಖಿತ ಪ್ರಶ್ನೆ ಹಾಕಿದರೆ ಸಂಬಂಧಪಟ್ಟ ಇಲಾಖೆಯ ಸಚಿವರ ಹೆಸರಿನಲ್ಲೇ ಉತ್ತರ ಪ್ರಕಟವಾಗುತ್ತದೆ. ಲೈಸೆನ್ಸ್ ರದ್ದಾದ ಕಂಪನಿಗಳ ನೌಕರರಲ್ಲಿ 60 ದಿನಗಳ ಪತ್ರ ಪಡೆದವರೆಷ್ಟು, ಅವರಲ್ಲಿ ಗಡುವಿನೊಳಗೆ ಹೊಸ ಸ್ಪಾನ್ಸರ್ ಸಿಕ್ಕವರೆಷ್ಟು, ಸಿಗದವರು ಏನಾದರು ಎಂದು ಮೂರು ಪ್ರಶ್ನೆಗಳನ್ನು ಬರೆದು ಅದೇ ಸಂಸದರ ಕಚೇರಿಗೆ ಕೊಟ್ಟುಬಂದೆ. ಈ ಬಾರಿ ಸಂಸದರೇ ಇದ್ದರು, ನಿಂತುಕೊಂಡೇ ಓದಿದರು, ಈ ವಾರವೇ ಸಲ್ಲಿಸುತ್ತೇನೆ ಎಂದರು. ಉತ್ತರದಲ್ಲಿ ಅಂಕಿಗಳಿದ್ದರೂ, ಅಂಕಿಗಳನ್ನು ಇಟ್ಟುಕೊಂಡಿಲ್ಲ ಎಂದಷ್ಟೇ ಇದ್ದರೂ, ಕೆಳಗೆ ಒಬ್ಬ ಮಂತ್ರಿಯ ಹೆಸರು ಇರುತ್ತದೆ. ಅದು ಬಂದ ದಿನ ಮೊದಲು ಹೋಗುವುದು ಆ ವರದಿಗಾರ್ತಿಗೇ. ಬೇರೆ ಯಾರಿಗೂ ಕೊಡುವುದಿಲ್ಲ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ.