ಯಾವ ಹೋಟೆಲ್ ಚೆನ್ನಾಗಿದೆ ಅಂತ ಕೇಳುವವರಿಗೆ

ಊರಿಂದ ನೆಂಟರು ಬಂದಾಗ, ಆಫೀಸಿಗೆ ಹೊಸಬರು ಸೇರಿದಾಗ, ಅಮೆರಿಕದಲ್ಲಿರುವ ಗೆಳತಿ ಎರಡು ವಾರ ರಜೆ ಹಾಕಿ ಬಂದಾಗ ನನಗೆ ಎದುರಾಗುವ ಪ್ರಶ್ನೆ ಒಂದೇ. ‘ನೀನು ಇಲ್ಲೇ ಹುಟ್ಟಿ ಬೆಳೆದವಳು. ಹೇಳು, ಬೆಂಗಳೂರಲ್ಲಿ ತಿಂಡಿಗೆ ಯಾವ ಹೋಟೆಲ್ ಬೆಸ್ಟು?’

ನಾನು ಹೇಳುವುದೂ ಒಂದೇ ಮಾತು. ನೀವು ಉಳಿದುಕೊಂಡಿರುವ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ ಯಾವುದಿದೆಯೋ ಅದು. ಮೊದಲು ಅಲ್ಲಿಗೆ ಹೋಗಿ.

ಕೇಳಿದವರಿಗೆ ಇದರಿಂದ ಸಮಾಧಾನ ಆಗುವುದಿಲ್ಲ. ಅವರಿಗೆ ಹೆಸರು ಬೇಕು. ಮ್ಯಾಪಿನಲ್ಲಿ ಹಾಕಿಕೊಂಡು ಹೋಗಬೇಕು, ಫೋಟೋ ತೆಗೆಯಬೇಕು. ಅದಕ್ಕೇ ನನ್ನ ಉತ್ತರವನ್ನು ಒಮ್ಮೆ ಪೂರ್ತಿಯಾಗಿ ಬರೆದಿಡೋಣ ಅನ್ನಿಸಿತು.

ಹೆಸರಿರುವ ಹೋಟೆಲುಗಳ ಮೇಲೆ ನನಗೆ ಸಿಟ್ಟಿಲ್ಲ. ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗೆ ಹೋಗುತ್ತೇನೆ. 1924ರಲ್ಲಿ ಶುರುವಾದ ಹೋಟೆಲು ಅದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದಾದಾಗ ರವೆ ಇಡ್ಲಿ ಮಾಡಿದ್ದು ತಾವೇ ಅಂತ ಅವರು ಹೇಳುತ್ತಾರೆ. ಅಲ್ಲಿ ರವೆ ಇಡ್ಲಿ ತಿಂದವರಿಗೆ ಆ ಮಾತನ್ನು ನಂಬೋದು ಕಷ್ಟವಲ್ಲ. ನಮ್ಮ ಹನುಮಂತನಗರದಿಂದ ಗಾಂಧಿ ಬಜಾರಿಗೆ ನಡೆದೇ ಹೋಗಬಹುದು. ಅಲ್ಲಿ ವಿದ್ಯಾರ್ಥಿ ಭವನ ಇದೆ, 1943ರಿಂದ. ಕೈಯ ಉದ್ದಕ್ಕೂ ತಟ್ಟೆ ಪೇರಿಸಿಕೊಂಡು ದೋಸೆ ತರುವ ಸಪ್ಲೈಯರನ್ನು ನೋಡಲು ನನ್ನ ಮಗಳಿಗೆ ಈಗಲೂ ಆಸೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರಿನಲ್ಲಿ ಸಾಂಬಾರೇ ಇಲ್ಲ. ಇಡ್ಲಿಗೆ ಚಟ್ನಿ, ವಡೆಗೆ ಚಟ್ನಿ. ಮತ್ತೆ ಬೇಕು ಅಂದರೆ ಮತ್ತೆ ಹಾಕುತ್ತಾರೆ. ಮಲ್ಲೇಶ್ವರದ ಸಿಟಿಆರ್‌ನ ಬೆಣ್ಣೆ ಮಸಾಲೆಗೆ ಭಾನುವಾರ ಎಷ್ಟು ಹೊತ್ತು ಕಾಯಬೇಕು ಅಂತ ಹೋದವರಿಗೆ ಗೊತ್ತು.

ಆದರೆ ಒಂದು ವಿಷಯ ಗಮನಿಸಿ. ಇವೆಲ್ಲ ಮೊದಲು ಆಯಾ ಬಡಾವಣೆಯ ಹೋಟೆಲುಗಳೇ. ವಿದ್ಯಾರ್ಥಿ ಭವನ ಅನ್ನೋ ಹೆಸರೇ ನೋಡಿ. ಸುತ್ತಮುತ್ತ ಓದುತ್ತಿದ್ದ ಹುಡುಗರಿಗಾಗಿ ತೆರೆದದ್ದು. ಅದೇ ಜನ ದಿನಾ ಬಂದು ತಿಂದರು. ಚಟ್ನಿ ಒಂದು ದಿನ ಕೆಟ್ಟರೆ ‘ಏನ್ರೀ ಇವತ್ತು’ ಅಂತ ಗಲ್ಲಾದ ಹತ್ತಿರವೇ ಕೇಳಿದರು. ಹೋಟೆಲಿನ ರುಚಿ ಕಾಯುವುದು ಹೀಗೆ ಕೇಳುವವರು. ದೂರದಿಂದ ಒಂದೇ ಸಲ ಬಂದು ಹೋಗುವವರು ಕೇಳುವುದಿಲ್ಲ. ಅವರಿಗೆ ನಿನ್ನೆ ಹೇಗಿತ್ತು ಅಂತ ಗೊತ್ತಿರುವುದಿಲ್ಲವಲ್ಲ.

ನನ್ನ ಪಾಲಿಗೆ ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಅದು ಅಮ್ಮನಿಂದ ಗೊತ್ತಾದದ್ದು.

ಅಮ್ಮ ಮದುವೆಯಾಗಿ ಬೆಂಗಳೂರಿಗೆ ಬಂದಾಗ ಹೋಟೆಲ್ ಅಂದರೆ ಗಂಡಸರು ಕೂರುವ ಜಾಗ. ಹೆಂಗಸರಿಗೆ ಒಳಗಡೆ ‘ಫ್ಯಾಮಿಲಿ ರೂಮ್’ ಅಂತ ಇರುತ್ತಿತ್ತು, ಕೆಲವು ಕಡೆ ಪರದೆಯ ಹಿಂದೆ. ಅಪ್ಪನ ಜೊತೆ ತಿಂಗಳಿಗೊಮ್ಮೆ ಹೋದರೆ ಹೆಚ್ಚು. ಒಬ್ಬಳೇ ಹೋಗಿ ಒಂದು ಕಾಫಿ ಕುಡಿಯೋದು ಅಂದರೆ ನಮ್ಮ ಮನೆಯಲ್ಲಂತೂ ಯೋಚನೆಗೂ ಬಾರದ ವಿಷಯ. ‘ಹಸಿವಾಗಿದ್ರೂ ಮನೆಗೆ ಬಂದೇ ತಿಂತಿದ್ವಿ ಕಣೇ. ಮಾರ್ಕೆಟ್ಟಿಂದ ಎರಡು ಬಸ್ಸು ಬದಲಾಯಿಸಿ ಬರೋಷ್ಟರಲ್ಲಿ ತಲೆನೋವು ಬಂದಿರೋದು’ ಅಂತ ಈಗಲೂ ಹೇಳುತ್ತಾರೆ.

1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ತೆರೆಯಿತು. ಆರ್. ಪ್ರಭಾಕರ್ ಅವರು ರೂಪಿಸಿದ್ದು. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ. ದುಡ್ಡು ಕೊಟ್ಟು ಟೋಕನ್ ತಗೊಂಡು, ಕೌಂಟರಿನಲ್ಲಿ ತಟ್ಟೆ ತಗೊಂಡು, ಎದೆಮಟ್ಟದ ಸ್ಟೀಲ್ ಟೇಬಲ್ ಹತ್ತಿರ ನಿಂತು ತಿನ್ನೋದು. ಅಡುಗೆಮನೆ ಕಣ್ಣೆದುರೇ. ಆಮೇಲೆ ಊರ ತುಂಬ ದರ್ಶಿನಿಗಳು ಎದ್ದವು. ಸಾಗರ, ಉಪಹಾರ, ಗ್ರ್ಯಾಂಡ್, ಏನೇ ಹೆಸರಿಟ್ಟುಕೊಂಡಿರಲಿ, ಜನ ಕರೆಯೋದು ದರ್ಶಿನಿ ಅಂತಲೇ. ಬೆಲೆ ಕಡಿಮೆ, ಬೇಗ ಆಗುತ್ತೆ ಅಂತ ಎಲ್ಲರೂ ಹೊಗಳುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಬೇರೆ. ಅಲ್ಲಿ ಎಲ್ಲರೂ ನಿಂತಿರುತ್ತಾರೆ. ಮೂಲೆ ಇಲ್ಲ, ಪರದೆ ಇಲ್ಲ. ಒಬ್ಬಳೇ ಹೆಂಗಸು ಬಂದರೆ ಯಾರೂ ತಿರುಗಿ ನೋಡುವುದಿಲ್ಲ. ಅಮ್ಮ ಒಬ್ಬರೇ ಹೋಟೆಲಿನಲ್ಲಿ ಮೊದಲ ಸಲ ತಿಂದದ್ದು ಇಂಥ ಒಂದು ದರ್ಶಿನಿಯಲ್ಲಿ. ನನ್ನನ್ನು ಸ್ಕೂಲಿಗೆ ಬಿಟ್ಟು ಬರುವಾಗ. ಒಂದು ಪ್ಲೇಟ್ ಖಾರಾಬಾತ್, ಒಂದು ಕಾಫಿ. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲವಂತೆ. ಮೊದಲ ಸಲ ಹೇಳಿದ್ದು ನನಗೆ, ನನ್ನ ಮದುವೆಯಾದ ಮೇಲೆ.

ಈಗ ಅಮ್ಮನಿಗೆ ಎಪ್ಪತ್ತು ದಾಟಿದೆ. ನಮ್ಮ ಕ್ರಾಸಿನ ತುದಿಯ ಹೋಟೆಲಿಗೆ ಬೆಳಿಗ್ಗೆ ಏಳೂವರೆಗೆ ಒಬ್ಬರೇ ಹೋಗುತ್ತಾರೆ. ಅವರಿಗಾಗಿ ಒಂದು ಪ್ಲಾಸ್ಟಿಕ್ ಕುರ್ಚಿ ಗಲ್ಲಾದ ಪಕ್ಕ ಇರುತ್ತದೆ. ಇಂಥವರಿಗೆ ಅಂತ ಯಾರೂ ಬರೆದಿಟ್ಟಿಲ್ಲ, ಆದರೆ ಅವರು ಬಂದಾಗ ಬೇರೆ ಯಾರಾದರೂ ಕೂತಿದ್ದರೆ ಎದ್ದು ಕೊಡುತ್ತಾರೆ. ‘ಅಮ್ಮಾ, ಇವತ್ತು ಸಿಂಗಲ್ಲಾ, ಡಬಲ್ಲಾ?’ ಅಂತ ಕೌಂಟರಿನ ಹುಡುಗ ಕೇಳುತ್ತಾನೆ. ಸಿಂಗಲ್ ಅಂದರೆ ಒಂದು ಇಡ್ಲಿ. ವಡೆ ಡಾಕ್ಟರು ಬೇಡ ಅಂದಿರೋದು ಅವನಿಗೂ ಗೊತ್ತು. ಅಮ್ಮ ಎರಡು ದಿನ ಹೋಗದಿದ್ದರೆ ಮೂರನೇ ದಿನ ನನ್ನನ್ನು ನಿಲ್ಲಿಸಿ ಕೇಳುತ್ತಾನೆ. ಇದನ್ನು ಯಾವ ಪ್ರಸಿದ್ಧ ಹೋಟೆಲಿನ ದೋಸೆಯ ಜೊತೆ ತೂಗಿ ನೋಡಲಿ?

ಸರಿ, ರುಚಿಯ ಮಾತಿಗೂ ಬರೋಣ. ಹತ್ತಿರ ಇದ್ದರೆ ಸಾಕಾ, ಚೆನ್ನಾಗಿರಬೇಡವೇ ಅಂತ ಕೇಳುತ್ತೀರಿ. ಇರಬೇಕು. ಮತ್ತೆ ಹತ್ತಿರ ಇರೋದರಿಂದಲೇ ರುಚಿ ಜಾಸ್ತಿ ಆಗುವ ತಿಂಡಿಗಳು ಇವು.

ನಮ್ಮ ಹೋಟೆಲಿನ ಕಾವಲಿಯ ಮುಂದೆ ನಾನು ಸುಮ್ನೆ ನಿಂತು ನೋಡುತ್ತಿರುತ್ತೇನೆ. ಕಬ್ಬಿಣದ ದೊಡ್ಡ ಕಾವಲಿ. ಭಟ್ಟರು ನೀರು ಚಿಮುಕಿಸುತ್ತಾರೆ, ಸುಯ್ ಅಂತ ಹಬೆ ಏಳುತ್ತೆ, ತೆಂಗಿನ ಕಡ್ಡಿಯ ಪೊರಕೆಯಲ್ಲಿ ಒಂದೇ ಸಲಕ್ಕೆ ಗುಡಿಸಿ ಬಿಡುತ್ತಾರೆ. ನೀರು ಹಾಕೋದು ಕಾವು ಇಳಿಸಲಿಕ್ಕೆ. ಕಾವು ಜಾಸ್ತಿ ಇದ್ದರೆ ಹಿಟ್ಟು ಹರಡೋ ಮೊದಲೇ ಹಿಡಿದುಕೊಳ್ಳುತ್ತದೆ. ಸಾಲಾಗಿ ಹಿಟ್ಟು ಹುಯ್ಯುತ್ತಾರೆ, ಬಟ್ಟಲಿನ ತಳದಲ್ಲೇ ತಿರುಗಿಸುತ್ತಾರೆ, ಹನ್ನೆರಡು ದೋಸೆ. ಕೊನೆಯದನ್ನು ಹರಡುವಷ್ಟರಲ್ಲಿ ಮೊದಲನೆಯದರ ಮೇಲೆ ಸಣ್ಣ ಸಣ್ಣ ತೂತು ಬಿದ್ದಿರುತ್ತದೆ. ಆಗ ಎಣ್ಣೆ, ತುಪ್ಪ, ಕೆಂಪು ಚಟ್ನಿ, ಒಂದು ಮುದ್ದೆ ಆಲೂಗಡ್ಡೆ ಪಲ್ಯ. ಅಂಚು ಕಂದು ಬಣ್ಣಕ್ಕೆ ತಿರುಗಿ ತಾನೇ ಏಳುತ್ತೆ. ಸಟ್ಟುಗದಲ್ಲಿ ಎಬ್ಬಿಸಿ ಮಡಚಿ ತಟ್ಟೆಗೆ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಬೆಂಗಳೂರು ಮಸಾಲೆ ದೋಸೆ ಅಂದರೆ ಇದೇ. ಈ ಗರಿ ಉಳಿಯೋದು ಎಷ್ಟು ಹೊತ್ತು ಹೇಳಿ? ಐದು ನಿಮಿಷ. ಅದನ್ನು ಡಬ್ಬಕ್ಕೆ ತುಂಬಿ, ಬೈಕಿನ ಬ್ಯಾಗಿಗೆ ಹಾಕಿ, ಮೂರು ಸಿಗ್ನಲ್ ದಾಟಿಸಿ ಮನೆಗೆ ತಂದರೆ ತನ್ನ ಹಬೆಯಲ್ಲಿ ತಾನೇ ಬೆಂದು ಚರ್ಮದ ಹಾಗೆ ಆಗಿರುತ್ತದೆ. ಊರಿನ ಅತ್ಯಂತ ದೊಡ್ಡ ಹೆಸರಿನ ದೋಸೆಯಾದರೂ ಅಷ್ಟೇ.

ಕಾಫಿಯಂತೂ ಇನ್ನೂ ಕಟ್ಟುನಿಟ್ಟು. ಡಿಕಾಕ್ಷನ್ ಇಳಿದು ಎಷ್ಟು ಹೊತ್ತಾಯಿತು ಅನ್ನೋದರ ಮೇಲೆ ಎಲ್ಲ ನಿಂತಿದೆ. ಹೊಸ ಡಿಕಾಕ್ಷನ್ನಿಗೆ ಕುದಿಯುವ ಹಾಲು ಮೇಲಿಂದ ಬಿದ್ದಾಗ ಬರುವ ಬಣ್ಣವೇ ಬೇರೆ. ಹಳೆಯದಾದರೆ ಕಹಿ ಉಳಿಯುತ್ತೆ, ಪರಿಮಳ ಹೋಗಿರುತ್ತೆ. ನಮ್ಮಲ್ಲಿ ಹೊಸ ಡಿಕಾಕ್ಷನ್ ಬರುವುದು ಬೆಳಿಗ್ಗೆ ಆರಕ್ಕೆ, ಮತ್ತೆ ಎಂಟೂಕಾಲರ ಹೊತ್ತಿಗೆ, ಸಾಯಂಕಾಲ ನಾಲ್ಕಕ್ಕೆ. ಇದು ನನಗೆ ಗೊತ್ತಾದದ್ದು ವರ್ಷಗಟ್ಟಲೆ ಹೋಗಿ. ಒಂದು ಸಲ ಹೋದವರಿಗೆ ಯಾರು ಹೇಳುತ್ತಾರೆ?

ಹಾಗಂತ ನಿಮ್ಮ ಕ್ರಾಸಿನ ಹೋಟೆಲ್ ಚೆನ್ನಾಗಿದ್ದೇ ಇರುತ್ತದೆ ಅಂತ ನಾನು ಹೇಳುವುದಿಲ್ಲ. ನಮ್ಮ ಮನೆ ಹತ್ತಿರವೇ ಇನ್ನೊಂದು ಹೋಟೆಲ್ ಇತ್ತು. ನೋಡಲಿಕ್ಕೆ ಥಳಥಳ. ಮಧ್ಯಾಹ್ನ ಮಿಕ್ಕ ಚಟ್ನಿಗೆ ಸಾಯಂಕಾಲ ನೀರು ಬೆರೆಸಿ ಕೊಡುತ್ತಿದ್ದರು. ಮಗಳಿಗೆ ಎರಡು ದಿನ ಹೊಟ್ಟೆ ಕೆಟ್ಟಿತು. ಹೋಗಿ ಹೇಳಿದೆ. ‘ನಮ್ಮಲ್ಲಿ ಹಂಗೆಲ್ಲ ಇಲ್ಲ ಮೇಡಂ’ ಅಂದರು. ಆಮೇಲೆ ನಾನು ಆ ಕಡೆ ಹೋಗಲಿಲ್ಲ. ಹೀಗಾಗಿ ಹೊಸ ಹೋಟೆಲಿಗೆ ಹೋದರೆ ಮೊದಲು ಚಟ್ನಿ ನೋಡುತ್ತೇನೆ. ಕಾಯಿ ಚಟ್ನಿ ಬೇಗ ಹುಳಿ ಬರುವ ಪದಾರ್ಥ, ಸುಳ್ಳು ಹೇಳುವುದಿಲ್ಲ. ಚಿಕ್ಕ ಪಾತ್ರೆಯಲ್ಲಿ ಇಟ್ಟುಕೊಂಡು ಮತ್ತೆ ಮತ್ತೆ ರುಬ್ಬಿ ತರುತ್ತಿದ್ದರೆ ಒಳ್ಳೆಯದು. ಆಮೇಲೆ ಯಾರು ತಿನ್ನುತ್ತಿದ್ದಾರೆ ಅಂತ ನೋಡಿ. ಆಟೋದವರು, ಹೂ ಮಾರುವವರು, ಕೈಲಿ ಹಾಲಿನ ಪ್ಯಾಕೆಟ್ ಹಿಡಿದ ತಾತ, ಯೂನಿಫಾರ್ಮಿನ ಮಕ್ಕಳು, ಎಲ್ಲರೂ ಒಂದೇ ಟೇಬಲ್ಲಿಗೆ ಒರಗಿದ್ದರೆ ಧೈರ್ಯವಾಗಿ ಟೋಕನ್ ತಗೊಳ್ಳಿ. ಬೈ ಟು ಕಾಫಿ ಕೇಳಿದಾಗ ಮುಖ ಸಿಂಡರಿಸದೆ ಎರಡು ಲೋಟಕ್ಕೆ ಸಮನಾಗಿ ಸುರಿದು ಕೊಟ್ಟರೆ ಆ ಹೋಟೆಲ್ ಗಟ್ಟಿ.

ಮಾಂಸದೂಟ ಮಾಡುವವರಿಗೂ ನನ್ನ ಉತ್ತರ ಇದೇ. ಪ್ರತಿ ಹಳೇ ಬಡಾವಣೆಯಲ್ಲೂ ಒಂದು ಮಿಲಿಟರಿ ಹೋಟೆಲ್ ಇದ್ದೇ ಇರುತ್ತೆ. ಮುದ್ದೆ, ನಾಟಿ ಕೋಳಿ ಸಾರು, ಕಾಲ್ ಸೂಪ್, ಪುದೀನ ಕೊತ್ತಂಬರಿಯ ಹಸಿರು ಹಿಡಿದ ದೊನ್ನೆ ಬಿರಿಯಾನಿ. ನನ್ನ ಯಜಮಾನರು ಭಾನುವಾರ ಬೆಳಿಗ್ಗೆ ಬೇಗ ಹೋಗುತ್ತಾರೆ, ಒಳ್ಳೇದು ಹನ್ನೊಂದಕ್ಕೆಲ್ಲ ಮುಗಿದುಹೋಗುತ್ತೆ ಅಂತ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆಗಿ ಎಲ್ಲ ಮುಚ್ಚಿದಾಗ ನಮ್ಮ ಹೋಟೆಲಿನ ಶಟರ್ ಅರ್ಧ ಎಳೆದು ಪಾರ್ಸೆಲ್ ಮಾತ್ರ ಕೊಡುತ್ತಿದ್ದರು. ಹುಡುಗರಲ್ಲಿ ಅರ್ಧ ಜನ ಕುಂದಾಪುರದ ಕಡೆಗೆ ಹೊರಟುಹೋಗಿದ್ದರು. ಭಟ್ಟರು ಉಳಿದಿದ್ದರು. ಜೂನ್ 8ಕ್ಕೆ ಮತ್ತೆ ಹೋಟೆಲಿನಲ್ಲೇ ತಿನ್ನಲು ಬಿಟ್ಟರು. ಅವತ್ತು ಬೆಳಿಗ್ಗೆ ನಾನೂ ಅಮ್ಮನೂ ಹೋದೆವು. ನೆಲಕ್ಕೆ ಸುಣ್ಣದಲ್ಲಿ ವೃತ್ತ ಬರೆದಿದ್ದರು. ಹತ್ತು ವರ್ಷದಿಂದ ದಿನಾ ನೋಡುತ್ತಿದ್ದ ಮುಖಗಳು, ಎಲ್ಲರ ಅರ್ಧ ಮುಖ ಮುಚ್ಚಿತ್ತು. ಯಾರೂ ಹೆಚ್ಚು ಮಾತಾಡಲಿಲ್ಲ. ಪೇಪರ್ ಲೋಟದಲ್ಲಿ ಕಾಫಿ ಕೊಟ್ಟರು. ಅಮ್ಮ ಮಾಸ್ಕ್ ಇಳಿಸಿ ಒಂದು ಗುಟುಕು ಕುಡಿದು, ‘ಸ್ಟೀಲ್ ಲೋಟ ಯಾವಾಗ ಕೊಡ್ತೀರಪ್ಪ?’ ಅಂದರು. ಬರದೇ ಹೋದವರು ಯಾರು ಅಂತ ಲೆಕ್ಕ ಹಾಕುತ್ತಾ ನಿಂತಿದ್ದೆ ನಾನು. ಪೇಪರ್ ಓದುತ್ತಾ ರೈಸ್ ಬಾತ್ ತಿನ್ನುತ್ತಿದ್ದ ಮೇಷ್ಟ್ರೊಬ್ಬರು ಆಮೇಲೆ ಬರಲೇ ಇಲ್ಲ. ಅವರ ಹೆಸರು ನಮಗೆ ಗೊತ್ತಿರಲಿಲ್ಲ. ಆದರೆ ಅವರಿಗೆ ಏನಾಯಿತು ಅಂತ ಹೋಟೆಲಿನಲ್ಲಿ ಒಬ್ಬೊಬ್ಬರೂ ಇನ್ನೊಬ್ಬರನ್ನು ಕೇಳಿದರು.

ಹೋದ ವರ್ಷ ಚಿಕ್ಕಪ್ಪನ ಮಗ ಧಾರವಾಡದಿಂದ ಕೆಲಸಕ್ಕೆ ಅಂತ ಬಂದ. ವೈಟ್‌ಫೀಲ್ಡ್ ಹತ್ತಿರ ರೂಮು. ಅವನೂ ಅದೇ ಪ್ರಶ್ನೆ ಕೇಳಿದ, ನಾನೂ ಅದೇ ಉತ್ತರ ಕೊಟ್ಟೆ. ‘ಅಕ್ಕಾ, ನಮ್ಮ ಕಡೆ ಬರೀ ಅಪಾರ್ಟ್‌ಮೆಂಟ್ ಅದಾವ, ಅಲ್ಲೆಲ್ಲಿ ಹೋಟೆಲ್ಲು’ ಅಂದ. ಮೂರು ತಿಂಗಳು ಮೊಬೈಲಿನಲ್ಲೇ ತರಿಸಿಕೊಂಡು ತಿಂದ. ಒಂದು ದಿನ ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು. ಹಿಂದೆ ತಟ್ಟೆಗಳ ಸದ್ದು, ಯಾರೋ ‘ಎರಡು ಚೌಚೌ, ಒಂದು ಸೆಟ್’ ಅಂತ ಕೂಗುತ್ತಿದ್ದರು.

‘ಅಕ್ಕಾ, ಪೆಟ್ರೋಲ್ ಬಂಕ್ ಹಿಂದ ಒಂದು ಸಣ್ಣದು ಸಿಕ್ತು. ವಾರದಿಂದ ದಿನಾ ಬರಾಕತ್ತೀನಿ. ಇವರ ಖಾರಾಬಾತ್ ಒಂಥರಾ ಕೆಂಪಗ ಐತಿ, ಚಕ್ಕಿ ವಾಸನಿ ಬರ್ತೈತಿ. ಇವರು ಏನು ಹಾಕ್ತಾರ?’

ವಾಂಗಿಬಾತ್ ಪುಡಿ ಹಾಕಿರುತ್ತಾರೆ ಅಂದೆ. ಅವನು ಫೋನ್ ಇಡದೆಯೇ ಕೌಂಟರಿನ ಕಡೆ ತಿರುಗಿ ಕೇಳಿದ. ಹೌದಂತೆ.