ಬೆಲ್ಟ್ ಹಾಕಿಸುವ ಮೊದಲು ಮೇಸ್ತ್ರಿಗೆ ಹೇಳಿದ ಕತೆ

ಹೋದ ವಾರ ಕುಮಟೆಯಲ್ಲಿ ನಮ್ಮ ಮನೆ ಕೆಲಸ ಲಿಂಟಲ್ ಮಟ್ಟಕ್ಕೆ, ಅಂದರೆ ಕಿಟಕಿ ಬಾಗಿಲಿನ ಮೇಲಂಚಿಗೆ ಬಂತು. ಚಿರೇಕಲ್ಲಿನ ಗೋಡೆ. ಎಲ್ಲ ಗೋಡೆಗಳ ಮೇಲೂ ಸುತ್ತ ಕಾಂಕ್ರೀಟ್ ಬೆಲ್ಟ್ ಬೇಕು ಅಂದೆ. ಮೇಸ್ತ್ರಿ ನಕ್ಕರು. "ಕಿಟಕಿ, ಬಾಗಿಲ ಮೇಲೆ ಹಾಕಿದ್ರೆ ಸಾಕು ಅಕ್ಕ. ನಮ್ಮ ಬದಿಗೆ ಭೂಕಂಪ ಎಲ್ಲಿ ಆಗ್ತದೆ?"

ಅವರಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ.

ಹಿಂದೊಮ್ಮೆ ನನ್ನ ಗಂಡನಿಗೆ ಸಿಕ್ಕಿಂನ ಗ್ಯಾಂಗ್‌ಟಾಕ್‌ಗೆ ವರ್ಗವಾಗಿತ್ತು. ಗುಡ್ಡದ ಇಳಿಜಾರಿಗೆ ಅಂಟಿಕೊಂಡ ನಾಲ್ಕು ಮಹಡಿಯ ಕಟ್ಟಡದಲ್ಲಿ ಬಾಡಿಗೆಗಿದ್ದೆವು. ರಸ್ತೆಯಿಂದ ಎರಡು ಮೆಟ್ಟಿಲು ಇಳಿದರೆ ನಮ್ಮ ಬಾಗಿಲು. ಹಿಂದಿನ ಕಿಟಕಿ ತೆರೆದರೆ ಮಾತ್ರ ಕೆಳಗೆ ಇನ್ನೂ ಎರಡು ಮಹಡಿ ಇರುವುದು ಗೊತ್ತಾಗುತ್ತಿತ್ತು.

2006ರ ಫೆಬ್ರವರಿ 14, ಬೆಳಿಗ್ಗೆ 6:25. ಚಹಾಕ್ಕೆ ನೀರಿಟ್ಟಿದ್ದೆ. ಮೊದಲು ಪಾತ್ರೆಯ ಮುಚ್ಚಳ ಟಕಟಕ ಅಂದಿತು. ನೀರು ಕುದಿಯಿತೇನೋ ಅಂದುಕೊಂಡೆ. ಆಮೇಲೆ ಕೆಳಗಿನಿಂದ ಲಾರಿ ಬಂದಂಥ ಸದ್ದು, ಕಾಲಡಿಯ ನೆಲ ಜಾರಿದ ಹಾಗೆ. ಒಲೆ ಆರಿಸಿದೆನೋ ಇಲ್ಲವೋ ನೆನಪಿಲ್ಲ. ಮಗಳನ್ನು ರಗ್ಗಿನ ಸಮೇತ ಎತ್ತಿಕೊಂಡು ರಸ್ತೆಗೆ ಓಡಿದೆ. ಮನೆ ಮಾಲಕಿ ಆಮಾ "ಭುಯಿಂಚಾಲೋ! ಭುಯಿಂಚಾಲೋ!" ಅಂತ ಕೂಗುತ್ತಿದ್ದರು. ನೇಪಾಳಿಯಲ್ಲಿ ಭೂಕಂಪಕ್ಕೆ ಹಾಗೆನ್ನುತ್ತಾರೆ. ಆ ಚಳಿಯಲ್ಲಿ ಎಲ್ಲರೂ ಬರಿಗಾಲಲ್ಲಿ ನಿಂತಿದ್ದೆವು.

ಅದರ ತೀವ್ರತೆ 5.3. ಮಧ್ಯಮ ಅಂತ ಕರೆಯುವ ಕಂಪನ. ಆದರೂ ಊರಲ್ಲಿ ಎಷ್ಟೋ ಕಾಂಕ್ರೀಟ್ ಕಟ್ಟಡಗಳ ಗೋಡೆ ಬಿರಿದಿತ್ತು. ನಮ್ಮ ಅಡುಗೆಮನೆಯಲ್ಲಿ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಿನವರೆಗೆ ಒಂದು ಬಿರುಕು. ಬೆರಳಿನ ಉಗುರು ಹೋಗುವಷ್ಟು ಅಗಲ. ಅದರ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಕು ಬರೆದಿಟ್ಟೆ. ಆಮೇಲೆ ದಿನಾ ಬೆಳಿಗ್ಗೆ ಎದ್ದ ಕೂಡಲೇ ಅದನ್ನೇ ನೋಡುವುದು, ಗೆರೆ ದಾಟಿದೆಯಾ ಅಂತ.

ಆಮಾ ಇದ್ದದ್ದು ಪಕ್ಕದ ಹಳೇ ಮನೆಯಲ್ಲಿ. ಅಲ್ಲಿ ಅದಕ್ಕೆ ಇಕ್ರಾ ಮನೆ ಅನ್ನುತ್ತಾರೆ. ಮರದ ಚೌಕಟ್ಟು, ನಡುವೆ ಹುಲ್ಲು ಬಿದಿರಿನ ತಟ್ಟಿ, ಅದಕ್ಕೆ ಮಣ್ಣು ಮೆತ್ತಿದ ಗೋಡೆ, ಮೇಲೆ ತಗಡು. ನಮ್ಮ ಕಡೆ ಹಿಂದೆ ತಟ್ಟಿಗೆ ಮಣ್ಣು ಮೆತ್ತುತ್ತಿದ್ದರಲ್ಲ, ಹಾಗೇ. ಆ ಮನೆಯಲ್ಲಿ ಒಂದೆರಡು ಕಡೆ ಮಣ್ಣು ಉದುರಿತ್ತು, ಅಷ್ಟೇ. ಮಧ್ಯಾಹ್ನವೇ ಆಮಾ ಕೈಯಲ್ಲಿ ಮೆತ್ತಿ ಮುಗಿಸಿದರು. ಮನೆ ಹಗುರ, ನೆಲ ಅಲ್ಲಾಡಿದರೆ ಮರದ ಜೋಡಣೆಯೂ ಒಂಚೂರು ಅಲ್ಲಾಡಿ ಸುಮ್ಮನಾಗುತ್ತದೆ. ನಮ್ಮ ಇಟ್ಟಿಗೆ ಗೋಡೆಗೆ ಆ ಗುಣ ಎಲ್ಲಿ?

ಅವತ್ತು ಸಂಜೆ ಅಪ್ಪನಿಗೆ ಫೋನ್ ಮಾಡಿದೆ. "ಕೊಯ್ನಾ ಆದಾಗ ನಮ್ಮನೆ ಮಾಡಿನ ಹಂಚೂ ಗಡಗಡ ಅಂದಿತ್ತು ತಂಗೀ," ಅಂದರು. ಮಹಾರಾಷ್ಟ್ರದ ಕೊಯ್ನಾದಲ್ಲಿ ಭೂಕಂಪ ಆದ 1967ರ ಡಿಸೆಂಬರ್ 11ರ ನಸುಕಿನ ಮಾತು. ಅದುವರೆಗೂ ಒಮ್ಮೆಯೂ ಹೇಳಿರಲಿಲ್ಲ. ಕೊಯ್ನಾನೂ ನಮ್ಮ ಸಹ್ಯಾದ್ರಿಯದೇ ಅಲ್ವಾ?

ನಾವು ಊರಿಗೆ ವಾಪಸು ಬಂದ ಮೇಲೆ, 2011ರ ಸೆಪ್ಟೆಂಬರ್ 18ರ ಸಂಜೆ, ಸಿಕ್ಕಿಂನಲ್ಲಿ 6.9ರ ಭೂಕಂಪ ಆಯಿತು. ರಾತ್ರಿಯಿಡೀ ಫೋನ್ ಹಚ್ಚಿದೆ, ಹತ್ತಲಿಲ್ಲ. ಟಿವಿಯಲ್ಲಿ ಮಳೆ, ಕುಸಿದ ಗುಡ್ಡ. ಮೂರನೇ ದಿನ ಆಮಾ ಸಿಕ್ಕಿದರು. ನಾವಿದ್ದ ಕಟ್ಟಡದ ಕೆಳಗಿನ ಕಂಬ ಸೀಳಿ, ಎಲ್ಲರನ್ನೂ ಖಾಲಿ ಮಾಡಿಸಿದ್ದರಂತೆ. ಬಾಡಿಗೆಯವರೆಲ್ಲ ಆಮಾನ ಇಕ್ರಾ ಮನೆಯಲ್ಲೇ ಮಲಗಿದ್ದರು. ನನಗೆ ಅಳು ತಡೆಯಲಾಗಲಿಲ್ಲ.

ಮೇಸ್ತ್ರಿಗೆ ನಕ್ಷೆಯ ಮಾತೂ ಹೇಳಿದೆ. 2002ರ ಭೂಕಂಪ ನಕ್ಷೆಯಲ್ಲಿ ಗ್ಯಾಂಗ್‌ಟಾಕ್ 4ನೇ ವಲಯ. ನಮ್ಮ ಕಾರವಾರ 3. ಅಪಾಯ ಎಲ್ಲಕ್ಕಿಂತ ಕಡಿಮೆ ಇರುವ 2ರಲ್ಲಿ ನಾವಿಲ್ಲ. ಚಿರೇಕಲ್ಲಿನ ಗೋಡೆಗಳು ಒಂದೊಂದೂ ಬೇರೆ ಬೇರೆ ನಿಂತಿರುತ್ತವೆ. ಅಲ್ಲಾಡಿದಾಗ ಮೂಲೆಯಲ್ಲಿ ಬಿಟ್ಟುಕೊಳ್ಳುತ್ತವೆ. ಬೆಲ್ಟ್ ಅವನ್ನು ಸೊಂಟಪಟ್ಟಿ ಹಾಗೆ ಹಿಡಿದಿಡುತ್ತದೆ. ಅದಕ್ಕೇ ಮಧ್ಯೆ ಎಲ್ಲೂ ತುಂಡಾಗಬಾರದು.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೂಲೆಗೆ ಹೋಗಿ, ಬೆಲ್ಟಿನ ಕಬ್ಬಿಣದ ಸರಳನ್ನು ಪಕ್ಕದ ಗೋಡೆಯ ಬೆಲ್ಟಿನೊಳಗೆ ಎಷ್ಟು ಉದ್ದ ಬಗ್ಗಿಸಬೇಕು ಅಂತ ಕೈಯಳತೆ ಹಾಕಿ ಹುಡುಗರಿಗೆ ತೋರಿಸಿದರು. ಭಾನುವಾರ ಕಾಂಕ್ರೀಟ್ ಆಯಿತು. ಈಗ ಬೆಲ್ಟಿನ ಮೇಲೆ ಗೋಣಿಚೀಲ ಹಾಸಿದೆ. ಬೆಳಿಗ್ಗೆ ಸಂಜೆ ನಾನೇ ನೀರು ಹಾಕುತ್ತಿದ್ದೇನೆ.